ಉರಿಯದ ದೀಪಗಳನ್ನು ಆರಿಸಿಕೊಟ್ಟ ಸಲಹೆಗಾರರಿಗೆ

ಮಾನ್ಯರೇ,

ಗೋಡೆಗೊಂದು, ಸೂರಿಗೊಂದು, ಕಂಬಕ್ಕೊಂದು ಎಂದು ಕಾವಲಿನ ಗುಮ್ಮಟ ಕ್ಯಾಮೆರಾಗಳನ್ನು ಆರಿಸಿಕೊಡುವ ವಿದ್ಯೆಯಲ್ಲಿ ನಮ್ಮ ಬೀದಿಗೇ ಹಿರಿಯರೂ, ಗಾಜಿನ ಬಾಗಿಲಿನ ತಂಪು ಅಂಗಡಿಯಲ್ಲಿ ಕೂತ ಕುರ್ಚಿ ಸಮೇತ ಎಲ್ಲ ದಿಕ್ಕಿಗೂ ತಿರುಗಬಲ್ಲವರೂ ಆದ ತಮ್ಮ ಸನ್ನಿಧಾನಕ್ಕೆ, ಅದೇ ಬೀದಿಯ ವಠಾರವೊಂದರಲ್ಲಿ ಹೊಲಿಗೆ ಮಿಷನ್ ತುಳಿದು ಬದುಕುವ ನನ್ನ ಅನಂತ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬದೆ ಇರಲು ಕಾರಣವೂ ಇಲ್ಲ, ಏಕೆಂದರೆ ತಮ್ಮ ಅಂಗಡಿಯೊಳಗೆ ಹತ್ತಾರು ಕ್ಯಾಮೆರಾಗಳು ತಮ್ಮನ್ನೇ ನೋಡುತ್ತಿರುತ್ತವೆ, ಮತ್ತು ಆಶ್ಚರ್ಯವೆಂದರೆ ಅಲ್ಲಿ ಅವೆಲ್ಲ ಸರಿಯಾಗಿಯೇ ನೋಡುತ್ತವೆ.

ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಈ ಮೊದಲು ಗುಟ್ಟಾಗಿ ಬರೆದಿದ್ದೆ. ಅದಕ್ಕೆ ತಮ್ಮ ಕಡೆಯಿಂದ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ಬಂತು. ಅಷ್ಟು ಅಮೂಲ್ಯವಾದದ್ದನ್ನು ತಾವೊಬ್ಬರೇ ಇಟ್ಟುಕೊಂಡು ಕಷ್ಟಪಡುವುದು ಬೇಡವೆಂದು ನಾಲ್ಕು ಜನರಿಗೆ ಹಂಚುತ್ತಿದ್ದೇನೆ. ಏಳನೇ ತರಗತಿಯ ನಡುವಿನಲ್ಲೇ ನನಗೆ ಶಾಲೆ ತಪ್ಪಿತು, ಆದ್ದರಿಂದ ತಪ್ಪುಗಳಿದ್ದರೆ ಅವು ನನ್ನವು. ಕ್ಯಾಮೆರಾದಲ್ಲಿರುವ ತಪ್ಪುಗಳು ಮಾತ್ರ ತಮ್ಮವು.

ಮೊದಲಿಗೆ ಒಂದು ಕೆಟ್ಟ ಕನಸಿನ ವಿಷಯ. ಕನಸಿನಲ್ಲಿ ನಮ್ಮಪ್ಪ ವಠಾರದ ಮೆಟ್ಟಿಲಿಳಿದು ಹೊರಟಿದ್ದರು, ಆದರೆ ಕಾಲು ಮೇಲೆ, ತಲೆ ಕೆಳಗೆ. ಸೂರಿನ ಮೇಲೆ ಚಪ್ಪಲಿ ಸದ್ದು ಮಾಡುತ್ತ, ಬಾವಲಿಯ ಹಾಗೆ ತೂಗುತ್ತ, ಏನೂ ಆಗದವರಂತೆ ಗೇಟಿನ ಕಡೆ ನಡೆದಿದ್ದರು. ಬಿದ್ದುಬಿಟ್ಟಾರೆಂದು ನಾನು ಹೊಲಿಯುತ್ತಿದ್ದ ಬಟ್ಟೆಯನ್ನೇ ಎರಡು ಕೈಯಲ್ಲಿ ಹರವಿ ಕೆಳಗೆ ಓಡುತ್ತಿದ್ದೆ. ದಾರಿಗೆ ಅಡ್ಡವಾಗಿ ತಾವು ತಮ್ಮ ಕುರ್ಚಿಯಲ್ಲಿ ಕೂತು, ‘ಮೊದಲು ಹೇಳಿ ಮೇಡಂ, ಇವರು ಗೋಡೆಗಾ, ಸೂರಿಗಾ, ಕಂಬಕ್ಕಾ?’ ಎಂದು ಕೇಳುತ್ತಿದ್ದಿರಿ. ಉತ್ತರ ಬಾಯಿಗೆ ಬರುವಷ್ಟರಲ್ಲಿ ಎಚ್ಚರವಾಯಿತು. ಎದ್ದು ಅಪ್ಪನ ಹಾಸಿಗೆ ಮುಟ್ಟಿ ನೋಡಿದೆ, ಇದ್ದರು. ಮನಸ್ಸು ನಿಲ್ಲದೆ ಮತ್ತೆ ಮುಟ್ಟಿದೆ. ‘ಏನೇ ಅದು, ಬಟ್ಟೆ ಒಣಗಿದೆಯಾ ಅಂತ ನೋಡ್ತಿದೀಯಾ?’ ಎಂದು ಬೈದು ಮಗ್ಗುಲಾದರು. ನಾನು ಎಲ್ಲದಕ್ಕೂ ಹೆದರುವವಳು, ನಿಜ. ಗ್ಯಾಸ್ ಆರಿಸಿ ಬಂದಮೇಲೂ ವಾಪಸು ಹೋಗಿ ಮೂಸಿ ನೋಡುವವಳು. ಆದರೆ ಈ ಕನಸು ನನ್ನ ಹೆದರಿಕೆಯ ಸ್ವಂತ ತಯಾರಿಕೆಯಲ್ಲ, ತಮ್ಮ ಮೆಟ್ಟಿಲ ಕ್ಯಾಮೆರಾದ ನಕಲು. ಅದು ಹೇಗೆಂದು ಮುಂದೆ ಅರಿಕೆ ಮಾಡುತ್ತೇನೆ.

ನಮ್ಮಪ್ಪ ಬೀದಿ ದೀಪಗಳ ಕೆಲಸದಲ್ಲಿದ್ದವರು. ಹೆಗಲ ಮೇಲೆ ಏಣಿ ಹೊತ್ತು, ಕೆಟ್ಟ ಬಲ್ಬನ್ನು ಇಳಿಸಿ ಒಳ್ಳೆಯದನ್ನು ಏರಿಸುತ್ತ ಆಯುಸ್ಸು ಸವೆಸಿದರು. ಈಗ ನೆನಪು ಜರಡಿಯಾಗಿದೆ. ಉಂಡಿದ್ದು ನಿಲ್ಲುವುದಿಲ್ಲ, ಉಣ್ಣದ್ದು ನಿಲ್ಲುತ್ತದೆ. ಅಣ್ಣನನ್ನು ಕೆಲವೊಮ್ಮೆ ‘ಸೂಪರ್‌ವೈಸರ್ ಸಾಹೇಬ್ರೇ’ ಎನ್ನುತ್ತಾರೆ, ಅಣ್ಣ ಅದಕ್ಕೆ ಒಳಗೊಳಗೇ ಖುಷಿಪಡುವುದನ್ನು ನಾನು ನೋಡಿದ್ದೇನೆ. ಕಣ್ಣು ತಪ್ಪಿದರೆ ಅಪ್ಪ ಗೇಟು ದಾಟುತ್ತಾರೆ. ನಮ್ಮ ಗೇಟಿನಿಂದ ಎಡಕ್ಕೆ ಹೋದರೆ ತಮ್ಮ ಅಂಗಡಿ, ಕ್ಷೌರದಂಗಡಿ, ಗುರುತಿನ ಜನ. ಬಲಕ್ಕೆ ಹೋದರೆ ಲಾರಿಗಳ ದೊಡ್ಡ ರಸ್ತೆ, ಅದರಾಚೆ ನಾಲೆ. ಅದಕ್ಕೇ ವಠಾರದವರು ಕ್ಯಾಮೆರಾ ಹಾಕಿಸೋಣ ಎಂದಾಗ ನಾನು ಎಲ್ಲರಿಗಿಂತ ಮೊದಲು ತಲೆಯಾಡಿಸಿದೆ. ತಮ್ಮ ಮುಂದೆ ಬಂದು ನಿಂತು ಹೇಳಿದ್ದೂ ಅಷ್ಟೇ: ಅಪ್ಪ ಹೊರಗೆ ಹೋದರೆ ಎಡಕ್ಕೋ ಬಲಕ್ಕೋ ತಿಳಿಯಬೇಕು, ಬೇರೇನೂ ಬೇಡ. ತಾವು ನಕ್ಕು, ‘ಮೇಡಂ, ಇಷ್ಟು ಚಿಕ್ಕದಾಗಿ ಯೋಚಿಸಬಾರದು’ ಎಂದಿರಿ. ನಾನು ಅಂದಿನಿಂದ ದೊಡ್ಡದಾಗಿ ಯೋಚಿಸಲು ಪ್ರಯತ್ನಿಸುತ್ತಲೇ ಇದ್ದೇನೆ. ಎಷ್ಟೇ ದೊಡ್ಡದಾಗಿ ಯೋಚಿಸಿದರೂ ಕೊನೆಗೆ ಎಡ, ಬಲ, ಎರಡೇ ಸಿಗುತ್ತವೆ.

ತಮ್ಮ ಆಯ್ಕೆಯ ಸೊಬಗನ್ನು ವರ್ಣಿಸದೆ ಮುಂದೆ ಹೋದರೆ ಕೃತಘ್ನಳಾಗುತ್ತೇನೆ. ಜಾಗ ನೋಡಿ ಕ್ಯಾಮೆರಾ ಆರಿಸಬೇಕು, ಕ್ಯಾಮೆರಾ ನೋಡಿ ಜಾಗ ಆರಿಸಬಾರದು ಎಂದು ತಾವು ಮಾಡಿದ ಪ್ರವಚನ ಇನ್ನೂ ಕಿವಿಯಲ್ಲಿದೆ. ಜಾಗ ನೋಡಲು ತಾವು ಬರಲಿಲ್ಲ ಎಂಬುದೊಂದನ್ನು ಬಿಟ್ಟರೆ ಅದರಲ್ಲಿ ಯಾವ ಲೋಪವೂ ಇರಲಿಲ್ಲ. ಹಿತ್ತಲಿಗೆ, ಅಲುಗಿದ್ದರ ಹಿಂದೆ ತಾನೇ ತಿರುಗುವ ದೊಡ್ಡ ಗುಮ್ಮಟವನ್ನು ಕೊಟ್ಟಿರಿ. ಹಿತ್ತಲಲ್ಲಿ ಹಗಲೆಲ್ಲ ಅಲುಗುವುದು ತಂತಿಯ ಮೇಲಿನ ಬಟ್ಟೆ. ಆ ಕ್ಯಾಮೆರಾ ಮೇಲಿನ ಮನೆಯ ಮೇಷ್ಟ್ರ ಪೈಜಾಮವನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ, ಗಾಳಿ ಬಂದತ್ತ ವಾಲುತ್ತ, ಗಾಳಿ ನಿಂತಾಗ ವಿರಹದಿಂದ ತಲೆ ತಗ್ಗಿಸುತ್ತ ಇರುವಾಗ, ಅದರ ಬೆನ್ನ ಹಿಂದಿನಿಂದಲೇ ನೀರಿನ ಪಂಪಿನ ಮುಚ್ಚಳ ಕಳುವಾಯಿತು. ಮುಚ್ಚಳ ಅಲುಗದ ವಸ್ತು, ಅದರ ತಪ್ಪಿಲ್ಲ.

ಗೇಟಿಗೆ ಕಪ್ಪು ಗಾಜಿನ ಗುಮ್ಮಟ. ಸುತ್ತಿಗೆಯಿಂದ ಹೊಡೆದರೂ ಒಡೆಯದಂಥದ್ದು. ಒಳಗಿನ ಕಣ್ಣು ಯಾವ ಕಡೆ ತಿರುಗಿದೆ ಎಂದು ಹೊರಗಿನವರಿಗೆ ಕಾಣುವುದೇ ಇಲ್ಲ, ಕಳ್ಳ ಅಲ್ಲೇ ಸೋತ ಎಂದಿರಿ. ಸೋತವರು ಯಾರು ಎಂದು ಈಗ ಕೇಳಿ. ನಮ್ಮ ವಠಾರದಲ್ಲಿ ಎಲ್ಲರಿಗೂ ಕ್ಯಾಮೆರಾ ಬೇಕು, ಆದರೆ ಅದು ತಂತಮ್ಮ ಬಾಗಿಲನ್ನು ನೋಡಬಾರದು, ಪಕ್ಕದವರ ಬಾಗಿಲನ್ನು ನೋಡಬೇಕು. ಏಣಿ ಹತ್ತಿದ್ದ ತಮ್ಮ ಕೆಲಸಗಾರರನ್ನು ಮೇಷ್ಟ್ರು ಕರೆದು, ‘ನಮ್ಮನೇಗೆ ಜನ ಬರ್ತಾರೆ ಹೋಗ್ತಾರೆ, ಸ್ವಲ್ಪ ಆ ಕಡೆ ತಿರುಗಿಸಿ’ ಎಂದರು. ಆ ಕಡೆ ಇದ್ದ ದಂತವೈದ್ಯರು, ‘ಊದಿದ ಕೆನ್ನೆ ಇಟ್ಕೊಂಡು ಬರೋರನ್ನ ಫೋಟೋ ಹಿಡಿದ್ರೆ ನಾಳೆಯಿಂದ ಯಾರು ಬರ್ತಾರೆ? ಈ ಕಡೆ ಮಾಡಿ’ ಎಂದರು. ಎಲ್ಲದಕ್ಕೂ ಸಭೆ ಕರೆಯುತ್ತಾರೆಂದು ನಾವು ಮೀಟಿಂಗ್ ಮಾವ ಎನ್ನುವ ನಮ್ಮ ಕಾರ್ಯದರ್ಶಿಗಳು ಮಾತ್ರ ಸಭೆ ಕರೆಯದೆ, ಯಾರೂ ಇಲ್ಲದ ಹೊತ್ತು ನೋಡಿ, ಅವರ ಮನೆಯ ಕಿಟಕಿ ಕಾಣದಂತೆ ಅದನ್ನು ಮೇಲಕ್ಕೆತ್ತಿಸಿದರು. ನಮ್ಮ ಬಾಗಿಲ ಕಡೆ ತಿರುಗಿಸಿ ಎಂದು ಕೇಳಿಕೊಂಡವಳು ನಾನೊಬ್ಬಳೇ. ಅದಕ್ಕೆ ತಮ್ಮವರು, ‘ಹಾಗೆ ಯಾರೂ ಕೇಳಲ್ಲ ಅಮ್ಮಾ, ನಿಮಗೆ ಸರಿಯಾಗಿ ಗೊತ್ತಿಲ್ಲ’ ಎಂದು ಏಣಿ ಮಡಿಚಿದರು. ಹೀಗೆ ಎಲ್ಲರ ಮರ್ಯಾದೆಯನ್ನೂ ಕಾಪಾಡಿದ ಆ ಕಣ್ಣು ಕೊನೆಗೆ ಯಾರಿಗೂ ಸೇರದ ಒಂದೇ ಜಾಗವನ್ನು, ಅಂದರೆ ಗೇಟಿನ ಕಂಬದ ನೆತ್ತಿಯನ್ನು, ನೋಡುತ್ತ ಕೂತಿತು. ಗಾಜು ಕಪ್ಪಾದ್ದರಿಂದ ಪ್ರತಿ ಮನೆಯವರೂ ಅದು ಪಕ್ಕದ ಮನೆಯನ್ನು ನೋಡುತ್ತಿದೆ ಎಂದುಕೊಂಡು ನೆಮ್ಮದಿಯಾಗಿದ್ದರು. ಆ ಕಂಬದ ಮೇಲೆ ಕೂರುವ ಕಾಗೆಯೊಂದರ ದಿನಚರಿ ಈಗ ನಮ್ಮ ಬಳಿ ಪೂರ್ತಿಯಾಗಿ ಇದೆ. ತಮಗೆ ಬೇಕಾದರೆ ಕಳಿಸಿಕೊಡುತ್ತೇನೆ.

ಮೆಟ್ಟಿಲಿಗೆ ಕೊಟ್ಟದ್ದು ಪುಟ್ಟ ಬಿಳಿ ಗುಮ್ಮಟ. ಅದು ಸೂರಿಗೆ ಹಾಕುವಂಥದ್ದು. ಸೂರು ಸೋರುತ್ತದೆಂದು ತಮ್ಮವರು ಗೋಡೆಗೆ, ಅದೂ ಬುಡಮೇಲಾಗಿ ಜಡಿದರು. ಪರದೆಯಲ್ಲಿ ನಾವೆಲ್ಲ ಸೂರಿನ ಮೇಲೆ ನಡೆಯತೊಡಗಿದೆವು. ಅತ್ತಿಗೆ ತರಕಾರಿ ಚೀಲ ಹಿಡಿದು ಹಾಗೆ ನಡೆದದ್ದನ್ನು ನೋಡಿ, ‘ಒಂದು ಈರುಳ್ಳಿನೂ ಬೀಳಲಿಲ್ಲ ನೋಡು, ಎಂಥಾ ಕೈ ನನ್ನದು’ ಎಂದರು. ದೂರು ಕೊಟ್ಟಮೇಲೆ ತಾವು ಅಂಗಡಿಯಿಂದಲೇ ಏನೋ ಒಂದು ಗುಂಡಿ ಒತ್ತಿದಿರಂತೆ. ತಲೆ ಮೇಲಾಯಿತು, ಕಾಲು ಕೆಳಗಾಯಿತು, ಎಲ್ಲರೂ ತಮ್ಮನ್ನು ಕೊಂಡಾಡಿದರು. ಆದರೆ ಮೇಲು ಕೆಳಗು ಸರಿಮಾಡುವ ಭರದಲ್ಲಿ ಎಡ ಬಲಗಳನ್ನು ತಾವು ಹಾಗೇ ಬಿಟ್ಟಿದ್ದಿರಿ. ಕನ್ನಡಿಯಲ್ಲಿ ಕಾಣುವಂತೆ ಎಡಗಡೆಯದು ಬಲಗಡೆಗೆ ಕಾಣುತ್ತಿತ್ತು. ಆ ಪರದೆಯಲ್ಲಿ, ಮೆಟ್ಟಿಲ ಬಾಗಿಲಿನಾಚೆ ಎದುರು ಗೋಡೆಯ ಮೇಲೆ ಬರೆದದ್ದು ಕಾಣುತ್ತದೆ. ಅದನ್ನು ನಾನು ಓದಲು ನೋಡಿದೆ, ಒಂದಕ್ಷರವೂ ಹತ್ತಲಿಲ್ಲ. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಓದು ಬಿಟ್ಟವಳು, ಇದು ದೊಡ್ಡ ತರಗತಿಯಲ್ಲಿ ಕಲಿಸುವ ಅಕ್ಷರವೇನೋ ಎಂದು ನಾಚಿ ಬಾಯಿ ಮುಚ್ಚಿಕೊಂಡೆ. ಅದು ‘ಇಲ್ಲಿ ವಾಹನ ನಿಲ್ಲಿಸಬೇಡಿ’ ಎಂಬುದು, ಹಿಂದುಮುಂದಾಗಿ. ಮೇಷ್ಟ್ರಿಗೂ ಓದಲು ಬಂದಿರಲಿಲ್ಲವಂತೆ, ಅವರು ತಪ್ಪನ್ನು ಕನ್ನಡಕದ ಮೇಲೆ ಹಾಕಿದ್ದರಂತೆ.

ಇಷ್ಟರ ಮಧ್ಯೆ ಅಪ್ಪ. ಗೇಟಿನ ಮೇಲಿನ ತಮ್ಮ ಕಪ್ಪು ಗುಮ್ಮಟವನ್ನು ಕಂಡ ದಿನದಿಂದ ಅಪ್ಪನಿಗೆ ಒಂದೇ ಕೊರಗು. ‘ಗೇಟಿನ ದೀಪ ಹೋಗಿದೆ, ಯಾರಿಗೂ ಕಣ್ಣಿಲ್ವಾ?’ ಅದು ದೀಪವಲ್ಲಪ್ಪ, ಕ್ಯಾಮೆರಾ ಎಂದರೆ, ‘ಬುರುಡೆ ಇದೆ, ವೈರ್ ಇದೆ, ಮಳೆಗೆ ತಲೆ ಮೇಲೆ ಟೋಪಿ ಇದೆ. ದೀಪ ಅಲ್ಲದೆ ನಿಮ್ಮಮ್ಮನ ಕಿವಿಯೋಲೆಯಾ?’ ಎನ್ನುತ್ತಿದ್ದರು. ಅಣ್ಣನ ಮುಂದೆ ನಿಂತು, ‘ಸಾಹೇಬ್ರೇ, ಎಷ್ಟು ದಿನದಿಂದ ಹೇಳ್ತಿದೀನಿ, ಒಂದು ಬಲ್ಬ್ ಸ್ಯಾಂಕ್ಷನ್ ಮಾಡಕ್ಕಾಗಲ್ವಾ?’ ಎಂದು ಕೈಕಟ್ಟಿ ಕೇಳುತ್ತಿದ್ದರು. ಅಪ್ಪನನ್ನು ಕಾಯಲು ತಂದು ತೂಗುಹಾಕಿದ ವಸ್ತುವೇ ಅಪ್ಪನನ್ನು ಮನೆಯಿಂದ ಹೊರಗೆ ಕರೆಯುತ್ತಿದೆ ಎಂದು ನಮಗೆ ಹೊಳೆಯಲಿಲ್ಲ. ತಮಗೂ ಹೊಳೆದಿರಲಾರದು. ದೀಪದ ಬುಡ ಕತ್ತಲೆ ಎನ್ನುತ್ತಾರೆ, ಇದು ಬುಡದಿಂದ ತುದಿಯವರೆಗೂ ಕತ್ತಲೆ.

ಒಂದು ಬೆಳಿಗ್ಗೆ, ಯಾರದೋ ಪ್ಯಾಂಟಿಗೆ ಜಿಪ್ಪು ಹಾಕುತ್ತಿದ್ದ ನಾನು ತಲೆಯೆತ್ತಿದರೆ ಅಪ್ಪ ಇಲ್ಲ. ಎಲ್ಲರೂ ಮೀಟಿಂಗ್ ಮಾವನ ಮನೆಯ ಪರದೆಯ ಮುಂದೆ ಸೇರಿದೆವು. ಗೇಟಿನ ಕ್ಯಾಮೆರಾದಲ್ಲಿ ಕಾಗೆ ಕೊಕ್ಕು ಉಜ್ಜುತ್ತಿತ್ತು. ಹಿತ್ತಲಿನದರಲ್ಲಿ ಪೈಜಾಮ. ಮೆಟ್ಟಿಲಿನದರಲ್ಲಿ ಅಪ್ಪ ಸ್ಪಷ್ಟವಾಗಿ ಇಳಿದು, ಬಾಗಿಲು ದಾಟಿ, ಗೇಟಿನ ಹೊರಗೆ ಬಲಕ್ಕೆ ತಿರುಗಿದರು. ‘ಬಲಕ್ಕೆ, ನಾಲೆ ಕಡೆ’ ಎಂದು ಅಣ್ಣ ಬರಿಗಾಲಲ್ಲಿ ಓಡಿದ. ವಠಾರಕ್ಕೆ ವಠಾರವೇ ಬಲಕ್ಕೆ ಓಡಿತು. ಲಾರಿಗಳ ಕೆಳಗೆ ಬಗ್ಗಿ ನೋಡಿದೆವು. ಮೇಷ್ಟ್ರು ನಾಲೆಯ ದಂಡೆಯಲ್ಲಿ ನಿಂತು ನೀರನ್ನು ನೋಡುತ್ತಿದ್ದ ರೀತಿ ನೋಡಿ ನಾನು ಆ ಕಡೆ ಹೋಗದೆ, ನೋಡಿದ್ದ ಲಾರಿಗಳ ಕೆಳಗೇ ಮತ್ತೆ ಬಗ್ಗಿ ನೋಡಿದೆ. ಮಾನ್ಯರೇ, ಆ ಹೊತ್ತಿನಲ್ಲಿ ನಮ್ಮಪ್ಪ ಎಡಕ್ಕೆ ಹೋಗಿ, ರಸ್ತೆ ದಾಟಿ, ತಮ್ಮ ತಂಪು ಅಂಗಡಿಯ ಮೆತ್ತನೆಯ ಕುರ್ಚಿಯಲ್ಲಿ ಕೂತು ತಮ್ಮಿಂದ ಸಲಹೆ ಪಡೆಯುತ್ತಿದ್ದರು.

ಇದು ನನಗೆ ತಿಳಿದದ್ದು ಮಾರನೆಯ ದಿನ, ಅಪ್ಪ ತಂದಿದ್ದ ತಮ್ಮ ಅಂಗಡಿಯ ಡಬ್ಬಿಯನ್ನು ವಾಪಸು ಕೊಡಲು ಬಂದಾಗ. ತಾವಿರಲಿಲ್ಲ. ಕೌಂಟರಿನ ಹೆಣ್ಣುಮಗಳು ಮರುಗಿ, ಅಂಗಡಿಯೊಳಗಿನ ಚಿತ್ರವನ್ನು ಮಾತು ಸಮೇತ ಹಾಕಿ ತೋರಿಸಿದಳು. ಎಂಥ ಚಿತ್ರ. ಅಪ್ಪನ ರೆಪ್ಪೆಯ ಬಿಳಿ ಕೂದಲೂ ಎಣಿಸಬಹುದಿತ್ತು. ತಾವು ಕೇಳಿದಿರಿ, ‘ಗೋಡೆಗಾ, ಸೂರಿಗಾ, ಕಂಬಕ್ಕಾ?’ ಅಪ್ಪ, ‘ಕಂಬಕ್ಕೆ’ ಎಂದರು. ‘ಎಷ್ಟು ಎತ್ತರ ಸಾರ್?’ ‘ಏಣಿ ಹಾಕಿದ್ರೆ ಕೈಗೆ ಸಿಗಬೇಕು, ಇಲ್ಲದಿದ್ರೆ ಸಿಗಬಾರದು.’ ‘ರಾತ್ರಿನೂ ಕಾಣಬೇಕಾ?’ ‘ರಾತ್ರಿ ಕಾಣದೇ ಇರೋದನ್ನ ಯಾರಪ್ಪ ಹಾಕಿಸ್ಕೋತಾರೆ?’ ‘ಎಷ್ಟು ದೂರ?’ ‘ಮುಂದಿನ ಕಂಬದವರೆಗೆ. ಅಲ್ಲಿಂದ ಅದರ ಜವಾಬ್ದಾರಿ.’ ಇದನ್ನು ಕೇಳಿ ತಾವು ಪಕ್ಕದವರಿಗೆ, ‘ನೋಡಿ, ಗಿರಾಕಿ ಅಂದ್ರೆ ಇವರು. ಏನು ಬೇಕು ಅಂತ ಎಷ್ಟು ಸ್ಪಷ್ಟವಾಗಿದೆ’ ಎಂದಿರಿ. ಬಲ್ಬು ಕೇಳಲು ಬಂದ ಮುದುಕನಿಗೆ, ಒಮ್ಮೆಯೂ ಬಲ್ಬಿನ ಮಾತು ಬಾರದಂತೆ ನೋಡಿಕೊಂಡು, ಕಂಬದ ಕ್ಯಾಮೆರಾ ಒಂದನ್ನು ಆರಿಸಿ, ವಠಾರದ ಹೆಸರಿಗೆ ಬರೆದುಕೊಂಡು, ಕೈಗಿಟ್ಟು ಕಳಿಸಿದಿರಿ. ತಮ್ಮ ಸೇವಾವಧಿಯಲ್ಲಿ ಜಾಗಕ್ಕೆ ತಕ್ಕ ಕ್ಯಾಮೆರಾವನ್ನು ತಾವು ಆರಿಸಿದ್ದು ಅದೊಂದೇ ಸಲ ಎಂದು ಕಾಣುತ್ತದೆ. ಅಭಿನಂದನೆಗಳು.

ಏಳುವ ಮುಂಚೆ ಅಪ್ಪ ಇನ್ನೊಂದು ಮಾತು ಹೇಳಿದರು, ತಾವು ರಸೀದಿ ಹರಿಯುತ್ತಿದ್ದಿರಿ, ಕೇಳಿಸಿರಲಿಕ್ಕಿಲ್ಲ. ‘ಬೇಗ ಕೊಡಿ ಸಾರ್, ಮಗಳು ಸ್ಕೂಲಿಂದ ಬರೋ ಹೊತ್ತು. ಗೇಟ್ ಹತ್ರ ಕತ್ತಲೆ ಇದ್ರೆ ಹೆದರ್ತಾಳೆ.’ ಆ ಮಗಳು ನಾನು. ಶಾಲೆ ಬಿಟ್ಟು ನನ್ನ ತಲೆ ನರೆಯುವಷ್ಟು ಕಾಲವಾಯಿತು. ಹೆದರುವುದೊಂದನ್ನು ಮಾತ್ರ ಬಿಟ್ಟಿಲ್ಲ, ಅದು ಅಪ್ಪನಿಗೆ ಸರಿಯಾಗಿಯೇ ನೆನಪಿದೆ.

ಈಗ ಮುಖ್ಯ ಸಂಗತಿ. ಆ ದಿನ ಅಪ್ಪನನ್ನು ಕೈಹಿಡಿದು ಗೇಟಿಗೆ ತಂದುಬಿಟ್ಟವರು ಕ್ಷೌರದಂಗಡಿಯವರು. ಅವರ ಅಂಗಡಿಯ ಮುಂದಿನ ದೀಪದ ಕಂಬದ ಕೆಳಗೆ ಡಬ್ಬಿ ಅಪ್ಪಿಕೊಂಡು ನಿಂತಿದ್ದರಂತೆ. ಅಣ್ಣನ ವಾದವೇನೆಂದರೆ, ‘ಎಲ್ಲೆಲ್ಲೋ ಸುತ್ತಿ, ಸುಸ್ತಾಗಿ, ಅದೃಷ್ಟಕ್ಕೆ ಅಲ್ಲಿ ಸಿಕ್ಕಿದಾರೆ. ಇನ್ನೊಂದ್ ಸಲ ಅದೃಷ್ಟ ಇರಲ್ಲ. ಹೊರಗಿಂದ ಬೀಗ ಹಾಕೋದೇ.’ ಬೀಗ ಬಂದಿದೆ, ಕಪಾಟಿನ ಮೇಲಿದೆ. ಅಣ್ಣ ಕೆಟ್ಟವನಲ್ಲ, ನಾಲೆಯ ದಂಡೆಯಿಂದ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತವನು. ಬೀಗ ಹಾಕಿದರೆ ಅಪ್ಪ ಏನು ಮಾಡುತ್ತಾರೆಂದೂ ನನಗೆ ಗೊತ್ತು. ಕಿಟಕಿಯ ಸರಳು ಹಿಡಿದು ಗೇಟಿನ ದೀಪ ನೋಡುತ್ತ ನಿಲ್ಲುತ್ತಾರೆ, ಅದು ಉರಿಯುವುದಿಲ್ಲ.

ಆದರೆ ಅಪ್ಪನಿಗೆ ಮನೆಯ ದಾರಿ ಗೊತ್ತಿತ್ತು ಎಂದು ನನ್ನ ನಂಬಿಕೆ. ತಮ್ಮ ಅಂಗಡಿಯಿಂದ ಹೊರಬಿದ್ದು ಎಡಕ್ಕೆ ತಿರುಗಿದರೆ ಕ್ಷೌರದಂಗಡಿ, ಅದರಾಚೆ ನಮ್ಮ ಮನೆ. ಬಲಕ್ಕೆ ತಿರುಗಿದರೆ ಬಸ್ ನಿಲ್ದಾಣ, ಗೊತ್ತುಗುರಿಯಿಲ್ಲದ ಊರು. ಆ ಚಿತ್ರದ ಕೊನೆಯಲ್ಲಿ ಅಪ್ಪ ಗಾಜಿನ ಬಾಗಿಲು ತಳ್ಳಿ, ಹೊರಗೆ ನಿಂತು, ಎರಡೂ ಕಡೆ ನೋಡಿ, ತಿರುಗಿದರು. ಎಡಕ್ಕೆ ಎಂದು ಕಂಡಿತು. ನನ್ನ ಕಣ್ಣಲ್ಲಿ ನೀರು ತುಂಬಿತ್ತು, ಅಷ್ಟರಲ್ಲಿ ಫೋನು ಬಂದು ಹೆಣ್ಣುಮಗಳು ಪರದೆ ಆರಿಸಿದಳು. ಆಮೇಲೆ ತಮ್ಮನ್ನು ಕೇಳಿದ್ದಕ್ಕೆ, ಗಿರಾಕಿಗಳ ಖಾಸಗಿತನ ಕಾಪಾಡುವುದು ತಮ್ಮ ಧರ್ಮ, ಹಾಗೆಲ್ಲ ತೋರಿಸಲಾಗದು ಎಂದಿರಿ. ನನ್ನಪ್ಪನ ಬೆನ್ನನ್ನು ನನ್ನಿಂದ ಕಾಪಾಡುತ್ತಿರುವ ತಮ್ಮ ನಿಷ್ಠೆಗೆ ಮಾತು ಸಾಲದು. ಅಷ್ಟೇ ಅಲ್ಲದೆ, ತಮ್ಮ ಯಂತ್ರ ಜಾಗ ಸಾಲದೆ ಹಳೆಯದನ್ನು ತಾನೇ ಒಂದೊಂದಾಗಿ ಅಳಿಸಿಕೊಳ್ಳುತ್ತದಂತೆ. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ, ಆದ್ದರಿಂದ ಅವಸರವೇನೆಂದು ನನಗೆ ಗೊತ್ತು.

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳು. ಕಂಬದ ಕಾಗೆಯನ್ನು ತಮ್ಮ ಸಂಸ್ಥೆಯ ಕಾಯಂ ನೌಕರನನ್ನಾಗಿ ಮಾಡಿಕೊಳ್ಳಬೇಕು, ಅದಕ್ಕೆ ಗೇಟು ಚೆನ್ನಾಗಿ ಕಾಣುತ್ತದೆ, ಯಾರು ಹೇಳಿದರೂ ತಲೆ ತಿರುಗಿಸುವುದಿಲ್ಲ. ಹಿತ್ತಲಿನ ಕ್ಯಾಮೆರಾಕ್ಕೂ ಪೈಜಾಮಕ್ಕೂ ಏನಾದರೊಂದು ಇತ್ಯರ್ಥ ಮಾಡಿಕೊಡಬೇಕು, ಮೇಷ್ಟ್ರು ಬಟ್ಟೆ ಒಣಗಹಾಕಲು ಸಂಕೋಚಪಡುತ್ತಿದ್ದಾರೆ. ಅಂಗಡಿಯಲ್ಲಿ ಕ್ಯಾಮೆರಾಗಳಿರುವಂತೆ ಸಲಹೆಗಾರರನ್ನೂ ಸಾಲಾಗಿ ಇಟ್ಟು, ಗೋಡೆಗೆ ಯಾರು, ಸೂರಿಗೆ ಯಾರು, ಯಾವುದಕ್ಕೂ ಆಗದವರು ಯಾರು ಎಂದು ನಾವೂ ಆರಿಸಿಕೊಳ್ಳಲು ಏರ್ಪಾಡು ಮಾಡಬೇಕು. ಹಾಗೂ ಗೇಟಿನ ಕಪ್ಪು ಗುಮ್ಮಟದೊಳಗೆ ಹೇಗಾದರೂ ಮಾಡಿ ಒಂದು ಬಲ್ಬು ಹಾಕಿಕೊಡಬೇಕು. ಒಳಗಿನ ಕಣ್ಣು ಕುರುಡಾಗುತ್ತದೆ ಎಂದು ತಾವು ಹೇಳುವಿರಿ, ಅದರಿಂದ ನಮಗೆ ವ್ಯತ್ಯಾಸವೇನೂ ಆಗದು. ಉರಿಯುತ್ತಿದ್ದರೆ ಅಪ್ಪ ಒಮ್ಮೆ ತಲೆಯೆತ್ತಿ ನೋಡಿ, ‘ಹ್ಞೂ’ ಎಂದು ಒಳಗೆ ಹೋಗುತ್ತಾರೆ.

ಇವೆಲ್ಲ ಆಗದಿದ್ದರೂ ಬೇಸರವಿಲ್ಲ. ಬೀಗ ಕಪಾಟಿನಿಂದ ಇಳಿಯುವ ಮೊದಲು, ಯಂತ್ರ ಮರೆಯುವ ಮೊದಲು, ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕೊನೆಯ ತುಣುಕನ್ನು ಒಮ್ಮೆ ಹಾಕಿಬಿಡಿ.

ಇಂತು,
ತಮ್ಮ ಆಯ್ಕೆಗಳ ಕೆಳಗೆ ದಿನವೂ ಹಾದುಹೋಗುವ,
ತಮ್ಮ ವಿಶ್ವಾಸಿ,
ಗೇಟಿನ ಪಕ್ಕದ ಮಹಡಿಯ ಹೊಲಿಗೆಯವಳು

ಮರೆತಿದ್ದು: ತಮ್ಮ ಅಂಗಡಿಯ ಬೋರ್ಡಿನಲ್ಲಿ ಕೊನೆಯ ಅಕ್ಷರದ ಹಿಂದಿನ ದೀಪ ಹೋಗಿದೆಯಂತೆ. ಅಷ್ಟು ಕ್ಯಾಮೆರಾಗಳಲ್ಲಿ ಯಾವುದಕ್ಕೂ ಕಾಣದ ಇದನ್ನು ಅಪ್ಪ ಗುರುತಿಸಿ ಬಂದಿದ್ದಾರೆ, ಸರಿಮಾಡಿಸಿಕೊಳ್ಳಿ. ಇನ್ನು ಆ ಚಿತ್ರದಲ್ಲಿ ಅಪ್ಪ ಎಡಕ್ಕೆ ತಿರುಗಿದ್ದು ಕಂಡರೆ ಅಣ್ಣನಿಗೆ ಅಷ್ಟು ಹೇಳಿದರೆ ಸಾಕು. ಬಲಕ್ಕೆ ಎಂದು ಕಂಡರೆ ಮಾತ್ರ ಅಣ್ಣನಿಗೆ ಏನೂ ಹೇಳಬೇಡಿ. ಮೊದಲು, ಎದುರಿನ ಅಂಗಡಿಯ ಬೋರ್ಡನ್ನು ತಮ್ಮ ಪರದೆಯಲ್ಲಿ ಓದಲು ಬರುತ್ತದೆಯೇ, ಅದೊಂದನ್ನು ಇನ್ನೊಮ್ಮೆ ನೋಡಿ.